ಮರದಡಿಯ ಸೇಂದಿ

ಲೋಕದ ಪಾನೀಯಗಳಲ್ಲಿ ಕೆಲವು ತಮ್ಮ ರಸಿಕನನ್ನು ಅರಸಿಕೊಂಡು ಸಾವಿರಾರು ಮೈಲಿ ಸಂಚರಿಸಬಲ್ಲವು. ಕೆಲವು ಹುಟ್ಟಿದ ನೆಲವನ್ನು ಬಿಟ್ಟು ಒಂದು ಹಗಲು ಕೂಡ ಬಾಳಲಾರವು. ಸೇಂದಿ ಈ ಎರಡನೆಯ ವರ್ಗಕ್ಕೆ ಸೇರಿದುದು. 2010ರಿಂದೀಚೆಗೆ ಬೆಂಗಳೂರಿನ ಇಂದಿರಾನಗರ, ವೈಟ್‌ಫೀಲ್ಡ್ ಮೊದಲಾದ ಬಡಾವಣೆಗಳಲ್ಲಿ ಸಣ್ಣ ಬಿಯರ್ ತಯಾರಿಕಾಗಾರಗಳು ತಲೆಯೆತ್ತಿ, ಕಣ್ಣೆದುರಿನ ಉಕ್ಕಿನ ಹಂಡೆಗಳಲ್ಲಿ ಹುದುಗಿದ ಬಿಯರನ್ನು ಅಲ್ಲಿಯೇ ಕುಳಿತು ಸವಿಯುವ ಅಭ್ಯಾಸವನ್ನು ನಗರವಾಸಿಗಳಿಗೆ ಕಲಿಸಿದುದು ಸ್ತುತ್ಯವೇ ಸರಿ. ಆದರೆ ಪಾನೀಯವನ್ನು ಅದು ಸಿದ್ಧವಾಗುವ ಸ್ಥಳದಲ್ಲಿಯೇ ಆಸ್ವಾದಿಸಬೇಕೆಂಬ ಈ ನಿಯಮ ನಮ್ಮ ಚಿಂಚೋಳಿ, ಸೇಡಂ ಸೀಮೆಯ ಹಿರಿಯರಿಗೆ ಹೊಸದಲ್ಲ.

ಕರ್ನಾಟಕದಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಹೊರಗೆ ಸೇಂದಿಗೆ ಅನುಮತಿ ಇಲ್ಲವಾದಕಾರಣ, ಈ ಸೀಮೆಯವನು ಅದನ್ನು ಕಾನೂನಿಗೆ ಒಳಪಟ್ಟು ಸವಿಯಬೇಕಾದರೆ, 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕುಂಚಾವರಂ ಕಾಡನ್ನು ದಾಟಿ ತೆಲಂಗಾಣದ ಗಡಿಯೊಳಗೆ ಹೋಗಬೇಕು. ಅಲ್ಲಿ ಸೇಂದಿ ಇಳಿಸುವವರ ಸಹಕಾರ ಸಂಘಗಳುಂಟು. ಹಳ್ಳದ ದಂಡೆಯ ಈಚಲ ಬನಗಳಲ್ಲಿ ಚಳಿಗಾಲದುದ್ದಕ್ಕೂ ಕೆಲಸ ನಡೆದೇ ಇರುತ್ತದೆ.

ಅಂಥದೊಂದು ಬನದಲ್ಲಿ ಸೂರ್ಯೋದಯಕ್ಕೆ ಮುನ್ನವೇ ನಿಂತು ನೋಡಿದವನಿಗೆ ಮೊದಲು ಗೋಚರಿಸುವುದು ಮರಗಳ ಅಂಕುಡೊಂಕು ಆಕಾರ. ತಲೆಯ ಕೆಳಗೆ ಒಂದು ಮಗ್ಗುಲಿನ ಗರಿಗಳನ್ನು ಸವರಿ, ಮೆತ್ತನೆಯ ಕಾಂಡವನ್ನು ಕೆತ್ತಿ ಅಲ್ಲಿಂದ ರಸವನ್ನು ಇಳಿಸುತ್ತಾರೆ. ಮರುವರ್ಷ ಅದರ ಎದುರು ಮಗ್ಗುಲಿನಲ್ಲಿ, ಸ್ವಲ್ಪ ಮೇಲೆ. ಹೀಗೆ ಎಡಬಲಕ್ಕೆ ಬಿದ್ದ ಕಚ್ಚುಗಳನ್ನು ಎಣಿಸಿದರೆ, ಆ ಮರ ಎಷ್ಟು ವರ್ಷ ರಸವನ್ನಿತ್ತಿದೆಯೆಂಬುದನ್ನು ತಿಳಿಯಬಹುದು. ಮೋಕು ಎಂಬ ಹತ್ತುವ ಹಗ್ಗವನ್ನು ಸೊಂಟಕ್ಕೂ ಮರಕ್ಕೂ ಬಳಸಿಕೊಂಡು ಮೇಲೇರಿದ ಗೌಡ (ಆ ಕಡೆ ಈ ವೃತ್ತಿಯವರನ್ನು ಹಾಗೆ ಕರೆಯುವರು) ರಾತ್ರಿಯ ಗಡಿಗೆಯನ್ನು ಬಿಡಿಸಿಕೊಂಡು, ಹಳೆಯ ಗಾಯದ ಮೇಲಿಂದ ಕಾಗದದಷ್ಟು ತೆಳುವಾದ ಪದರವೊಂದನ್ನು ಕತ್ತಿಯಿಂದ ಎತ್ತುತ್ತಾನೆ. ಪದರ ದಪ್ಪವಾದರೆ ಮರಕ್ಕೆ ಕೇಡು. ಎತ್ತದೆ ಬಿಟ್ಟರೆ ಗಾಯ ಒಣಗಿ ರಸ ನಿಲ್ಲುತ್ತದೆ. ಅವನ ವಿದ್ಯೆಯೆಲ್ಲವೂ ಆ ಒಂದು ಪದರದಲ್ಲಿ ಅಡಗಿದೆಯೆಂದರೆ ಅತ್ಯುಕ್ತಿಯಾಗದು.

ಬಿಯರಿನ ಕರ್ತೃ ಬಾರ್ಲಿಯನ್ನು ಮೊಳಕೆ ಬರಿಸಿ, ಅದರ ಪಿಷ್ಟವನ್ನು ಸಕ್ಕರೆಯಾಗಿ ಪರಿವರ್ತಿಸಿ, ಹಾಪ್ಸ್ ಹೂವಿನೊಡನೆ ಕುದಿಸಿ, ಆರಿಸಿ, ಆಯ್ದ ಯೀಸ್ಟನ್ನು ಬೆರೆಸಿ ವಾರಗಟ್ಟಲೆ ಕಾಯಬೇಕಾಗುತ್ತದೆ. ಈಚಲಿನ ರಸದಲ್ಲಾದರೋ ನೂರಕ್ಕೆ ಹತ್ತು ಪಾಲಿನಷ್ಟು ಸಕ್ಕರೆ ಮೊದಲೇ ಸಿದ್ಧವಾಗಿದ್ದು, ಗಾಳಿಯಲ್ಲಿಯೂ ಗಡಿಗೆಯ ಗೋಡೆಯಲ್ಲಿಯೂ ನೆಲೆಸಿರುವ ಸೂಕ್ಷ್ಮಜೀವಿಗಳು ಮೊದಲ ಹನಿ ಬಿದ್ದೊಡನೆಯೇ ಕಾರ್ಯಪ್ರವೃತ್ತವಾಗುತ್ತವೆ. ಮರದಿಂದ ತಿಳಿಯಾಗಿ ಇಳಿದ ರಸ ಹಾಲಿನಂತೆ ಬೆಳ್ಳಗಾಗುವುದು ಅಸಂಖ್ಯವಾಗಿ ಬೆಳೆದ ಆ ಜೀವಿಗಳಿಂದಲೇ. ಗಡಿಗೆಯ ಒಳಮೈಗೆ ಸುಣ್ಣ ಬಳಿದರೆ ಹುದುಗು ತಡೆದು ನೀರಾ ದೊರೆಯುತ್ತದೆ, ಬಳಿಯದಿದ್ದರೆ ಸೇಂದಿ.

ಆ ಬನದಲ್ಲಿ ಗೌಡ ನನಗೆ ಮೊದಲು ಕೊಟ್ಟದ್ದು ಆಗತಾನೆ ಇಳಿಸಿದ ಗಡಿಗೆಯದು: ತಣ್ಣಗೆ, ಎಳನೀರಿಗಿಂತ ಸಿಹಿಯಾಗಿ, ಹಸಿಗರಿಯ ಪರಿಮಳದಿಂದ ಕೂಡಿತ್ತು, ಮದವೆಂಬುದು ಅದರಲ್ಲಿ ನಾಮಮಾತ್ರ. ಬಿಸಿಲು ಬನದೊಳಕ್ಕೆ ಇಳಿಯುವ ಹೊತ್ತಿಗೆ ಅದೇ ಗಡಿಗೆ ನೊರೆಗಟ್ಟಿ, ಸಿಹಿ ಅರ್ಧ ಸರಿದು, ನಾಲಗೆಯ ಅಂಚಿನಲ್ಲಿ ನವಿರಾದ ಹುಳಿಯೊಂದು ಜಿನುಗತೊಡಗಿತ್ತು. ನನ್ನ ತೀರ್ಮಾನದಲ್ಲಿ ಸೇಂದಿಯ ಯೌವನ ಇದೇ. ಗೋಧಿಯ ಬಿಯರಿನ ಅಭಿಮಾನಿಗಳು ಮೆಚ್ಚುವ ಮಬ್ಬು, ನೊರೆ, ಹಣ್ಣಿನ ಗಂಧ ಇವೆಲ್ಲವೂ ಇಲ್ಲಿ ಯಾರ ಪ್ರಯತ್ನವೂ ಇಲ್ಲದೆ ಕೂಡಿಬಂದಿರುತ್ತವೆ. ಮಧ್ಯಾಹ್ನದ ಮೇಲೆ ಮದ ಬಿಯರಿನ ಮಟ್ಟಕ್ಕೆ ಏರಿ, ಹುಳಿ ಮುಂದಾಗಿ, ರುಚಿ ಒರಟಾಗುತ್ತದೆ. ಒಂದಿಷ್ಟನ್ನು ಊರಿಗೆ ಒಯ್ಯಬಹುದೇ ಎಂದು ಕೇಳಿದಾಗ, “ಇಲ್ಲೇ ಕುಡೀರಿ ಸಾಹೇಬ್ರ, ನಾಳಿಗೆ ಇದು ಬರೇ ಹುಳಿ ನೀರು” ಎಂದನು ಆ ಗೌಡ. ಚಳಿಗಾಲ ಕಳೆಯುತ್ತ ತಾಳೆಮರದ ಸರದಿ ಬರುತ್ತದೆ. ಕಾಂಡದಿಂದಲ್ಲದೆ ಹೂಗೊನೆಯಿಂದ ಇಳಿಯುವ ಆ ರಸ ಇನ್ನಷ್ಟು ಗಡುಸು, ಅದರ ಗಂಧವೂ ತೀಕ್ಷ್ಣ.

ಈ ವೃತ್ತಿಗೆ ನಮ್ಮ ನಾಡಿನಲ್ಲಿ ದೀರ್ಘವಾದ ಇತಿಹಾಸವುಂಟು. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನೊಬ್ಬನಿದ್ದು, ಹೆಂಡ ಮಾರುವ ತನ್ನ ಕಾಯಕದ ಪರಿಭಾಷೆಯಲ್ಲಿಯೇ ಅಧ್ಯಾತ್ಮವನ್ನು ನುಡಿದು ವಚನಕಾರನೆನಿಸಿದನು. ಇಂಥ ಪ್ರಾಚೀನ ಕಾಯಕದ ಹೆಸರಿಗೆ ಇಂದು ಕಳಂಕ ತಂದಿರುವುದು ಕಲಬೆರಕೆ. ಗಡಿಯ ಎರಡೂ ಬದಿಯಲ್ಲಿ ಸೇಂದಿಯೆಂಬ ಹೆಸರಿನಿಂದ ಮಾರಾಟವಾಗುವ ದ್ರವದಲ್ಲಿ ಎಷ್ಟೋ ವೇಳೆ ಮರದ ರಸ ಹನಿಯಷ್ಟೂ ಇರದೆ, ಸಿ.ಎಚ್. ಪೌಡರ್ ಎಂದು ಜನರು ಕರೆಯುವ ಕ್ಲೋರಲ್ ಹೈಡ್ರೇಟ್, ಇಲ್ಲವೆ ಆಲ್ಪ್ರಜೋಲಂ ಎಂಬ ನಿದ್ರಾಜನಕ ಔಷಧ, ಸ್ಯಾಕರಿನ್ ಮತ್ತು ನೀರು ಮಾತ್ರ ಇರುತ್ತವೆ. ಅದಕ್ಕೆ ದಾಸನಾದ ಬಡ ಕೂಲಿಕಾರ ಒಂದೆರಡು ದಿನ ಅದು ಸಿಗದಿದ್ದರೆ ನಡುಗಿ, ಬಡಬಡಿಸಿ, ಆಸ್ಪತ್ರೆಗೆ ಸೇರುವ ಸ್ಥಿತಿಗೆ ಬರುತ್ತಾನೆ. ಇದನ್ನು ಸೇಂದಿಯೆಂದು ಕರೆಯುವುದು ಈಚಲ ಮರಕ್ಕೂ, ಅದನ್ನು ಹತ್ತುವವನಿಗೂ ಮಾಡುವ ಅನ್ಯಾಯ.

ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಸೇಂದಿಯ ರುಚಿಯನ್ನು ಅರಿಯುವ ಇಚ್ಛೆಯುಳ್ಳವರು ಚಳಿಗಾಲದ ಬೆಳಗಿನಲ್ಲಿ, ಅನುಮತಿಯುಳ್ಳ ಬನಕ್ಕೇ ಹೋಗಿ, ಗಡಿಗೆ ಮರದಿಂದ ಇಳಿಯುವುದನ್ನು ಕಣ್ಣಾರೆ ಕಂಡು, ಮಿತವಾಗಿ ಕುಡಿಯಿರಿ, ಪ್ಲಾಸ್ಟಿಕ್ ಪಾಕೀಟಿನಲ್ಲಿ ಮನೆಬಾಗಿಲಿಗೆ ಬಂದುದನ್ನು, ಯಾರೇ ಕೊಟ್ಟರೂ, ಮುಟ್ಟಬೇಡಿರಿ.