ಬಾರದ ಪಿಂಚಣಿ, ಆಡದ ಮಾತು

ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ಅವರ ‘ನೋ ಒನ್ ರೈಟ್ಸ್ ಟು ದಿ ಕರ್ನಲ್’ ಎಂಬ ಕಿರುಕಾದಂಬರಿಯನ್ನು ಮುಪ್ಪಿನ ತಾಳ್ಮೆಯ ಕಥೆಯೆಂದು ಓದುವ ರೂಢಿಯಿದೆ. ನಾಯಕನಿಗೆ ಎಪ್ಪತ್ತೈದು ವರ್ಷ. ಹಳೆಯ ಅಂತರ್ಯುದ್ಧದ ಸೇನಾನಿಯಾದ ಆತ ತನಗೆ ಬರಬೇಕಾದ ಪಿಂಚಣಿಯ ಕಾಗದಕ್ಕಾಗಿ ಹದಿನೈದು ವರ್ಷಗಳಿಂದ ಪ್ರತಿ ಶುಕ್ರವಾರ ಟಪಾಲು ದೋಣಿಯ ದಾರಿ ಕಾಯುತ್ತಾನೆ. ಇಷ್ಟನ್ನೇ ಹಿಡಿದರೆ ಕರುಣರಸದ ಕಥೆಯಾದೀತು. ನನ್ನ ಮಟ್ಟಿಗೆ ಮಾತ್ರ ಇದು ಮಾತು ನಿಂತುಹೋದ ಊರೊಂದರ ಕಥೆ. ಮಾತು ನಿಂತದ್ದಕ್ಕೂ ಒಲೆ ಆರಿದ್ದಕ್ಕೂ ಇರುವ ನಂಟನ್ನು ಲೇಖಕರು ಎಲ್ಲಿಯೂ ಬಾಯಿಬಿಟ್ಟು ಹೇಳದೆ ಕಾಣಿಸುತ್ತಾರೆ.

ಕೊಲಂಬಿಯಾದಲ್ಲಿ ಪಕ್ಷಗಳ ಕಾದಾಟದಿಂದ ಹಳ್ಳಿಹಳ್ಳಿಗಳು ಉರಿಯುತ್ತಿದ್ದಾಗ, 1953ರ ಜೂನ್‌ನಲ್ಲಿ, ಜನರಲ್ ರೋಹಾಸ್ ಪಿನಿಯಾ ಅಧಿಕಾರ ಹಿಡಿದ. ಮೊದಲು ಬಹುಮಂದಿ ಆತನನ್ನು ಸ್ವಾಗತಿಸಿದರೆಂಬುದನ್ನೂ ಮರೆಯಬಾರದು. ಆಮೇಲೆ ಪತ್ರಿಕೆಗಳ ಬಾಯಿ ಕಟ್ಟಿತು. ‘ಎಲ್ ಎಸ್ಪೆಕ್ತಾದೋರ್’ ಪತ್ರಿಕೆಯ ಬಾತ್ಮೀದಾರರಾಗಿ ಯುರೋಪಿನಲ್ಲಿದ್ದ ಮಾರ್ಕ್ವೆಜ್, 1956ರಲ್ಲಿ ಆ ಪತ್ರಿಕೆ ನಿಂತುಹೋದಾಗ, ಪ್ಯಾರಿಸ್ಸಿನಲ್ಲಿ ಕೈಯಲ್ಲಿ ಕಾಸಿಲ್ಲದೆ ಕುಳಿತು ಬರೆದದ್ದು ಈ ಪುಸ್ತಕ.

ಹಸಿವಿನ ವಿವರಗಳು ಅಷ್ಟು ನಿಖರವಾಗಿರುವುದಕ್ಕೆ ಇದೂ ಒಂದು ಕಾರಣವಿದ್ದೀತು. ಕಾಫಿಯನ್ನು ಜಗತ್ತಿಗೇ ಮಾರುವ ದೇಶದಲ್ಲಿ ಕರ್ನಲ್ ಡಬ್ಬಿಯ ತಳವನ್ನು ಚಾಕುವಿನಿಂದ ಕೆರೆಯುತ್ತಾನೆ. ಪುಡಿಯ ಜೊತೆಗೆ ತುಕ್ಕೂ ಉದುರುತ್ತದೆ. ಉಬ್ಬಸದ ರೋಗಿಯಾದ ಹೆಂಡತಿ, ಒಲೆ ಹೊತ್ತಿಲ್ಲವೆಂದು ನೆರೆಯವರಿಗೆ ತಿಳಿಯಬಾರದೆಂದು ಕಲ್ಲುಗಳನ್ನು ಬೇಯಿಸಿದ್ದಾಳೆ. ಗುಟ್ಟಿನ ಕರಪತ್ರ ಹಂಚಿದ್ದಕ್ಕಾಗಿ ಗುಂಡಿಗೆ ಬಲಿಯಾದ ಮಗ ಬಿಟ್ಟುಹೋದ ಕಾಳಗದ ಹುಂಜವೊಂದು ಮನೆಯಲ್ಲಿದೆ. ಅದರ ಪಾಲಿನ ಜೋಳದಲ್ಲೇ ದಂಪತಿಗಳು ಒಂದು ದಿನ ಗಂಜಿ ಕಾಣುತ್ತಾರೆ. ವಿಮರ್ಶಕರು ಆ ಹುಂಜವನ್ನು ಪ್ರತಿಮೆಯೆಂದು ಹೊಗಳುತ್ತಾರೆ. ಇರಲಿ, ಅದಕ್ಕೆ ದಿನವೂ ಜೋಳ ಬೇಕು ಎಂಬುದೇ ನನಗೆ ಮುಖ್ಯ.

ಪಿಂಚಣಿಯ ಪ್ರಕರಣವಂತೂ ಸರಕಾರಿ ಕಚೇರಿಯ ಮೇಜು ಕಂಡವರಿಗೆ ನಗುವನ್ನೂ ಸಂಕಟವನ್ನೂ ಒಟ್ಟಿಗೆ ತರುತ್ತದೆ. ತಾರುಣ್ಯದಲ್ಲಿ ಕ್ರಾಂತಿಯ ಖಜಾಂಚಿಯಾಗಿದ್ದ ಕರ್ನಲ್ ಆರು ದಿನ ನಡೆದು, ಹೇಸರಗತ್ತೆಯ ಬೆನ್ನ ಮೇಲೆ ಎರಡು ಪೆಟ್ಟಿಗೆ ಹಣ ತಂದೊಪ್ಪಿಸಿ ರಸೀದಿ ಪಡೆದವನು. ಆ ರಸೀದಿ ಈಗ ಕಡತದಲ್ಲಿದೆ; ಕಡತ ಯಾವ ಇಲಾಖೆಯಲ್ಲಿದೆಯೋ ವಕೀಲನಿಗೂ ಗೊತ್ತಿಲ್ಲ. ಅಧ್ಯಕ್ಷರು ಏಳು ಮಂದಿ ಬದಲಾದರು, ಮಂತ್ರಿಗಳ ಲೆಕ್ಕವಿಲ್ಲ. ದಾಖಲೆ ಇದ್ದೂ ಮನುಷ್ಯ ಇಲ್ಲದಂತಾಗುವ ಈ ವ್ಯಂಗ್ಯ ಕಾಫ್ಕಾನದಕ್ಕಿಂತ ನಮಗೆ ಹತ್ತಿರದ್ದು. ಇಲ್ಲಿ ಗೂಢವೇನೂ ಇಲ್ಲ, ಕಡತ ಇಟ್ಟಲ್ಲಿಲ್ಲ, ಅಷ್ಟೇ.

ಸರಕಾರದಿಂದ ಉತ್ತರವಿಲ್ಲ, ಊರಿನೊಳಗಾದರೂ ಮಾತಿದೆಯೇ? ಪತ್ರಿಕೆಗಳಲ್ಲಿ ಸೂಯೆಜ್ ಕಾಲುವೆಯ ಸುದ್ದಿಯಿದೆ, ತಮ್ಮ ದೇಶದ್ದಿಲ್ಲ. ನಿಜವಾದ ಸುದ್ದಿ ವೈದ್ಯನ ಕೈಯಿಂದ ಗುಟ್ಟಿನ ಹಾಳೆಯಾಗಿ ದಾಟುತ್ತದೆ. ಬಡ ವಾದ್ಯಗಾರನೊಬ್ಬನ ಶವಯಾತ್ರೆ ಕೂಡ ಪೋಲೀಸ್ ಠಾಣೆಯ ಮುಂದೆ ಹಾಯುವಂತಿಲ್ಲ. ಇಂಥ ಊರಲ್ಲಿ ಕರ್ನಲ್ ಒಂದು ರಾತ್ರಿ, ಜೇಬಿನಲ್ಲಿ ನಿಷಿದ್ಧ ಹಾಳೆ ಇಟ್ಟುಕೊಂಡಿರುವಾಗಲೇ, ಬಿಲಿಯರ್ಡ್ಸ್ ಮಂದಿರದ ಮೇಲಿನ ದಾಳಿಯಲ್ಲಿ ಸಿಕ್ಕಿಬೀಳುತ್ತಾನೆ. ಹೊಟ್ಟೆಗೆ ಬಂದೂಕು ಹಿಡಿದು ನಿಂತವನು ಮಗನನ್ನು ಕೊಂದ ಪೋಲೀಸನೇ. ಕರ್ನಲ್ ಅಪ್ಪಣೆ ಕೇಳಿ ನಳಿಕೆಯನ್ನು ಮೆಲ್ಲನೆ ಸರಿಸುತ್ತಾನೆ, ಆತ ಹೋಗಬಹುದೆನ್ನುತ್ತಾನೆ. ಪ್ರಜೆಗೂ ಪ್ರಭುತ್ವಕ್ಕೂ ನಡುವೆ ಇಡೀ ಪುಸ್ತಕದಲ್ಲಿ ನೇರವಾಗಿ ನಡೆದ ಸಂಭಾಷಣೆ ಇಷ್ಟೇ. ಸೈನಿಕ ಆಡಳಿತವನ್ನು ಕುರಿತ ದಪ್ಪ ದಪ್ಪ ಗ್ರಂಥಗಳಲ್ಲಿ ಸಿಗದ ಭಯ ಈ ಸೌಜನ್ಯದಲ್ಲಿದೆ.

ಮಾತಾಡಿ ಬದುಕಿದವನು ಒಬ್ಬನಿದ್ದಾನೆ, ಸಾಬಾಸ್. ಕರ್ನಲ್‌ನ ಪಕ್ಷದವನೇ. ಮೇಯರನೊಡನೆ ಒಪ್ಪಂದ ಮಾಡಿಕೊಂಡು, ಊರುಬಿಟ್ಟೋಡಿದ ತನ್ನವರ ಆಸ್ತಿಯನ್ನು ಅರ್ಧ ಬೆಲೆಗೆ ಕೊಂಡವನು. ಹುಂಜಕ್ಕೆ ಒಂಬೈನೂರು ಪೆಸೊ ಎಂದವನು ಕೊನೆಗೆ ನಾನೂರಕ್ಕೆ ಇಳಿಯುತ್ತಾನೆ. ಹೊರಗಿನ ಚರಿತ್ರೆಯಲ್ಲೂ ಸಂವಾದ ನಡೆಯಿತು: 1956ರ ಜುಲೈನಲ್ಲಿ ಸ್ಪೇನಿನ ಬೆನಿಡೋರ್ಮ್‌ನಲ್ಲಿ ಎರಡು ಪಕ್ಷಗಳ ನಾಯಕರು ಕೈಕುಲುಕಿದರು, 1957ರ ಮೇ 10ರಂದು ಜನರಲ್ ಇಳಿದ, 1958ರಿಂದ ಹದಿನಾರು ವರ್ಷ ಎರಡು ಪಕ್ಷಗಳೇ ಸರದಿಯಂತೆ ಆಳಿದವು. ಆ 1958ರಲ್ಲೇ ಈ ಕಥೆ ಪತ್ರಿಕೆಯೊಂದರಲ್ಲಿ ಅಚ್ಚಾದದ್ದು. ಸಾಬಾಸನನ್ನು ಓದಿದ ಮೇಲೆ ಆ ಒಪ್ಪಂದವನ್ನು ಬರಿಯ ಶಾಂತಿಯ ದಾಖಲೆಯೆಂದು ನಂಬಲು ನನಗಾಗುತ್ತಿಲ್ಲ.

ಕೊರತೆಯೂ ಇದೆ. ಊರೆಲ್ಲ ಹುಂಜಕ್ಕೆ ಜಯಕಾರ ಹಾಕುವ ಸಂದರ್ಭದಲ್ಲಿ ಲೇಖಕರ ಕೈ ಕೊಂಚ ಭಾರವಾಗಿದೆ. ಆದರೆ ಮರುರಾತ್ರಿಯ ಜಗಳ ಅದನ್ನು ಸರಿದೂಗಿಸುತ್ತದೆ. ಜನವರಿಯ ಕಾಳಗದವರೆಗೆ ತಿನ್ನುವುದೇನೆಂದು ಹೆಂಡತಿ ಅಂಗಿ ಹಿಡಿದು ಕೇಳುತ್ತಾಳೆ. ಜೀವಮಾನವಿಡೀ ಮರ್ಯಾದೆ ಕಾದ ಕರ್ನಲ್ ಒಂದೇ ಒಂದು ಹೊಲಸು ಶಬ್ದದಿಂದ ಉತ್ತರಿಸುತ್ತಾನೆ. ಕನ್ನಡಕ್ಕೆ ತರುವವರು ದಯವಿಟ್ಟು ಅಲ್ಲಿ ‘ಮಣ್ಣು’ ಎಂದು ಬರೆಯದಿರಲಿ.