ದೋಷ ಹೊಸ ಡಿಸ್ಕಿನದೇ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಾಲೇಜು ಪ್ರಯೋಗಶಾಲೆಯಲ್ಲಿರಲಿ, ಜೆರಾಕ್ಸ್ ಅಂಗಡಿಯಲ್ಲಿರಲಿ, ನಿಧಾನವಾದ ಹಳೆಯ ಗಣಕವನ್ನು ಚುರುಕುಗೊಳಿಸುವ ಸುಲಭ ಉಪಾಯವೊಂದಿದೆ. ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಅಳವಡಿಸುವುದು. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯಲ್ಲಿ ಬೇಕಾದ ಮಾಹಿತಿ ಓದುವ ತಲೆಯ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡ್ ಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅರೆವಾಹಕ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಾವೇಶವೇ ಅಲ್ಲಿ ಮಾಹಿತಿ. ತೊಡಕು ಬರುವುದು ಈ ಹೊಸ ಡಿಸ್ಕಿನ ಮೇಲೆ ವಿಂಡೋಸನ್ನು ಮತ್ತೆ ಅನುಸ್ಥಾಪಿಸುವಾಗ.

ಈ ಡಿಸ್ಕಿನಲ್ಲಿ ಅನುಸ್ಥಾಪನೆ ಸಾಧ್ಯವಿಲ್ಲವೆಂದೋ, ಯಾವ ಡ್ರೈವೂ ಸಿಗಲಿಲ್ಲವೆಂದೋ ತೆರೆಯ ಮೇಲೆ ಇಂಗ್ಲಿಷಿನ ಸಂದೇಶ ಮೂಡುತ್ತದೆ. ಓದಿದವರು ಡಿಸ್ಕ್ ಕೆಟ್ಟಿದೆಯೆಂದು ತಿಳಿಯುತ್ತಾರೆ. ಬಹಳಷ್ಟು ಸಲ ಡಿಸ್ಕ್ ಚೆನ್ನಾಗಿಯೇ ಇರುತ್ತದೆ. ನೂಲು ಬಿಚ್ಚುವಾಗ ಎಳೆ ತುಂಡಾದರೆ ರಾಮನಗರದ ರೀಲರ್‌ಗಳು ರೇಷ್ಮೆಗೂಡನ್ನು ಎಸೆಯುತ್ತಾರೆಯೇ? ತುದಿಯನ್ನು ಹುಡುಕುತ್ತಾರೆ. ಆ ತುದಿ ಎಲ್ಲಿದೆಯೆಂದು ಸರಳವಾಗಿ ಹೇಳದಿರುವುದೇ ಅನುಸ್ಥಾಪನಾ ತಂತ್ರಾಂಶದ ದೊಡ್ಡ ಕೊರತೆ. ಮೂರು ಉದಾಹರಣೆಗಳನ್ನು ನೋಡೋಣ.

ಮೊದಲನೆಯದು, ವಿಭಜನಾ ಪಟ್ಟಿಯ ಹೊಂದಾಣಿಕೆ. ಗಣಕ ಆರಂಭವಾಗಲು ಹಳೆಯ ಬಯಾಸ್, ಹೊಸ ಯುಇಎಫ್‌ಐ ಎಂಬ ಎರಡು ದಾರಿಗಳಿವೆ. ವಿಂಡೋಸಿಗೆ ಮೊದಲನೆಯ ದಾರಿಯಲ್ಲಿ ಎಂಬಿಆರ್ ಪಟ್ಟಿ ಬೇಕು, ಎರಡನೆಯದರಲ್ಲಿ ಜಿಪಿಟಿ ಪಟ್ಟಿ ಬೇಕು. ಎಂಬಿಆರ್ 1983ರಷ್ಟು ಹಳೆಯದು. ದಾರಿಗೂ ಪಟ್ಟಿಗೂ ತಾಳೆಯಾಗದಿದ್ದರೆ ಡಿಸ್ಕ್ ತಿರಸ್ಕೃತವಾಗುತ್ತದೆ. ಸಂದೇಶದಲ್ಲಿ ಈ ಹೆಸರುಗಳೇನೋ ಇರುತ್ತವೆ, ಆದರೆ ಮುಂದೇನು ಮಾಡಬೇಕೆಂಬ ಮಾತಿಲ್ಲ. ಬೂಟ್ ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವ್ ಎರಡು ಹೆಸರಿನಲ್ಲಿ ಕಾಣಿಸಿದರೆ ಯುಇಎಫ್‌ಐ ಎಂದಿರುವುದನ್ನು ಆರಿಸಿ. ಹೊಸ ಡಿಸ್ಕಿನ ವಿಭಾಗಗಳನ್ನೆಲ್ಲ ಅಳಿಸಿ, ಖಾಲಿ ಜಾಗವನ್ನು ಆರಿಸಿದರೆ ತಂತ್ರಾಂಶವೇ ಜಿಪಿಟಿ ಪಟ್ಟಿ ರಚಿಸುತ್ತದೆ.

ಎರಡನೆಯದು, ಕಾಣದ ಡ್ರೈವ್. ಇಂಟೆಲ್ 11ನೇ ಪೀಳಿಗೆಯ ಮತ್ತು ಆನಂತರದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ವಿಎಂಡಿ ಎಂಬ ನಿಯಂತ್ರಕದ ಹಿಂದೆ ಇರುತ್ತದೆ. ಅದರ ಚಾಲಕ ತಂತ್ರಾಂಶವಿಲ್ಲದೆ ಡಿಸ್ಕ್ ಕಾಣದು. ಸೂಕ್ಷ್ಮದರ್ಶಕವಿಲ್ಲದೆ ನೋಡಿ ಬ್ಯಾಕ್ಟೀರಿಯವೇ ಇಲ್ಲವೆಂದಂತಾಯಿತು! ಲ್ಯಾಪ್‌ಟಾಪ್ ತಯಾರಕರ ಚಾಲಕವನ್ನು ಪೆನ್‌ಡ್ರೈವಿಗೆ ಹಾಕಿ ಒದಗಿಸಿದರೆ ಡಿಸ್ಕ್ ಕಾಣಿಸಿಕೊಳ್ಳುತ್ತದೆ.

ಮೂರನೆಯದು ಹೆಚ್ಚು ಮೋಸದ್ದು, ಏಕೆಂದರೆ ಇಲ್ಲಿ ದೋಷಸಂದೇಶವೇ ಬರುವುದಿಲ್ಲ. ಹಳೆಯ ಡಿಸ್ಕನ್ನೂ ಜೋಡಿಸಿಟ್ಟು ಅನುಸ್ಥಾಪಿಸಿದರೆ, ಆರಂಭದ ಕಡತಗಳು ಆ ಡಿಸ್ಕಿನಲ್ಲಿ ಮೊದಲೇ ಇರುವ ವಿಭಾಗಕ್ಕೆ ಹೋಗಬಹುದು. ಎಲ್ಲವೂ ಸರಿಯಾಗಿ ನಡೆಯುತ್ತದೆ. ತಿಂಗಳಾದ ಮೇಲೆ ಹಳೆಯ ಡಿಸ್ಕನ್ನು ತೆಗೆದ ದಿನ ಗಣಕ ಆರಂಭವೇ ಆಗದು. ಇದಕ್ಕಿಂತ ದೊಡ್ಡ ಅಪಾಯವೂ ಇದೆ. ಎರಡು ಡಿಸ್ಕ್‌ಗಳೂ ಬರಿಯ 0, 1 ಎಂಬ ಅಂಕೆಗಳಿಂದ ಪಟ್ಟಿಯಲ್ಲಿ ಕಾಣುತ್ತವೆ. ತಪ್ಪಿ ಹಳೆಯದನ್ನು ಅಳಿಸಿದರೆ ವಿದ್ಯಾರ್ಥಿಗಳ ಅಂಕಗಳು, ನುಡಿಯಲ್ಲಿ ಬೆರಳಚ್ಚಿಸಿದ ವರ್ಷಗಳ ಟಿಪ್ಪಣಿ ಎಲ್ಲ ಹೋದಂತೆಯೇ. ಆದ್ದರಿಂದ ಮುಖ್ಯ ಕಡತಗಳ ಪ್ರತಿ ತೆಗೆದಿಡಿ, ಹಳೆಯ ಡಿಸ್ಕಿನ ಕೇಬಲ್ ಕಳಚಿ, ಆಮೇಲೆ ಶುರುಮಾಡಿ. ಎರಡೂ ಅಪಾಯಗಳು ತಪ್ಪುತ್ತವೆ.

ಮೆಚ್ಚಬೇಕಾದ ಅಂಶವೂ ಇದೆ. ಎಲ್ಲವೂ ಹೊಂದಿಕೊಂಡಾಗ ವಿಂಡೋಸ್ ಖಾಲಿ ಡಿಸ್ಕನ್ನು ತಾನೇ ವಿಭಜಿಸಿಕೊಂಡು ಕೆಲಸ ಮುಗಿಸುತ್ತದೆ. ಆದರೆ ಒಳ್ಳೆಯ ಉಪಕರಣವನ್ನು ಅಳೆಯಬೇಕಾದದ್ದು ಅದು ಸೋತಾಗ ಏನು ಹೇಳುತ್ತದೆ ಎಂಬುದರಿಂದ. ವಿಂಡೋಸ್ ಚಾಲೂ ಆದ ಮೇಲೆ ಕನ್ನಡವನ್ನು ಸೇರಿಸಿಕೊಳ್ಳಬಹುದು. ಸಹಾಯ ಹೆಚ್ಚು ಬೇಕಾದ ಅನುಸ್ಥಾಪನೆಯ ಹಂತದಲ್ಲಿ ಮಾತ್ರ ಕನ್ನಡದ ಆಯ್ಕೆಯಿಲ್ಲ. ಮುಕ್ತ ತಂತ್ರಾಂಶವಾದ ಡೆಬಿಯನ್ ಲಿನಕ್ಸಿನ ಚಿತ್ರಾತ್ಮಕ ಅನುಸ್ಥಾಪಕದಲ್ಲಿ ಆ ಆಯ್ಕೆ ಇದೆ. ಇವರಿಗೆ ಸಾಧ್ಯವಾದದ್ದು ಅವರಿಗೆ ಏಕೆ ಆಗದು?

ಈ ಪ್ರಶ್ನೆಗೆ ಈಗ ಹೆಚ್ಚಿನ ಬೆಲೆಯಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಅಂಶವನ್ನೂ ತಾನು ಒಪ್ಪಿದ ಸಂಸ್ಕಾರಕವನ್ನೂ ಕೇಳುತ್ತದೆ. ಇವಿಲ್ಲದ ಗಣಕಕ್ಕೆ ಎಸ್‌ಎಸ್‌ಡಿ ಕೊಳ್ಳುವ ಮುನ್ನ ಇದನ್ನು ವಿಚಾರಿಸಿ. ಅನರ್ಹವೆಂದ ಮಾತ್ರಕ್ಕೆ ಗಣಕ ಗುಜರಿಗೆ ಹೋಗಬೇಕಿಲ್ಲ, ಲಿನಕ್ಸ್ ಇದೆ.

ಪ್ರಯೋಗಶಾಲೆಯಲ್ಲಿ ಫಲಿತಾಂಶ ತಪ್ಪಿದಾಗ ನಾವು ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ನೋಡುತ್ತೇವೆ. ಇಲ್ಲಿಯೂ ಹಾಗೆಯೇ. ಸಂದೇಶವನ್ನು ಬರೆದುಕೊಳ್ಳಿ, ಒಂದನ್ನು ಬದಲಿಸಿ, ಮತ್ತೆ ಪ್ರಯತ್ನಿಸಿ. ಡಿಸ್ಕನ್ನು ದೂರುವುದು ಕೊನೆಗಿರಲಿ.