ಧೈರ್ಯವನ್ನು ಬೇಡಿದ ಪ್ರಾರ್ಥನೆ: ಒಂದು ವ್ಯಾಖ್ಯಾನ

ಇಲ್ಲಿ ವ್ಯಾಖ್ಯೇಯವಾದದ್ದು, ಎಂದರೆ ಬಿಡಿಸಿ ಹೇಳಬೇಕಾದದ್ದು, ಅಪೊಸ್ತಲರ ಕೃತ್ಯಗಳ ನಾಲ್ಕನೆಯ ಅಧ್ಯಾಯದಲ್ಲಿ 23ರಿಂದ 31ರ ತನಕದ ವಚನಗಳಲ್ಲಿರುವ ಪ್ರಾರ್ಥನೆ. ಯೆರೂಸಲೇಮಿನ ದೇವಾಲಯದ ಸುಂದರದ್ವಾರದ ಬಳಿ ಹುಟ್ಟುಕುಂಟನೊಬ್ಬನು ಯೇಸುವಿನ ಹೆಸರಿನಲ್ಲಿ ಎದ್ದು ನಡೆದನು. ಇದರ ನಿಮಿತ್ತ ಪೇತ್ರ ಯೋಹಾನರು ಸೆರೆಯಾಗಿ, ಅನ್ನ ಕಾಯಫರೇ ಮೊದಲಾದವರಿದ್ದ ಹಿರೀಸಭೆಯ ಮುಂದೆ ನಿಂತರು. ಆ ಹೆಸರನ್ನು ಇನ್ನು ಎತ್ತಕೂಡದೆಂದು ಸಭೆಯು ಗದರಿಸಿ ಅವರನ್ನು ಬಿಟ್ಟಿತು. ಆ ಮೇಲೆ ಹುಟ್ಟಿದ್ದು ಈ ಪ್ರಾರ್ಥನೆ. ವಡೋದರದ ಮಂಜಲ್‌ಪುರದಲ್ಲಿ ನೆಲಸಿ ಮಕರಪುರದ ಕಾರ್ಖಾನೆಯಲ್ಲಿ ದುಡಿಯುವ ಕನ್ನಡ ಕ್ರೈಸ್ತನೊಬ್ಬನ ನಾಲಗೆಯೂ, ನೆರೆಯವರು ಅವನ ನಂಬಿಕೆಯನ್ನು ವಿಚಾರಿಸಿದಾಗ, ತಡವರಿಸಬಹುದು. ಅಂಥವನಿಗೆ ಇದರ ಒಂದೊಂದು ಅಂಗವೂ ಪ್ರಯೋಜನಕರ.

ಮೊದಲನೆಯ ಅಂಗ: ಅವರು ತಮ್ಮವರ ಬಳಿಗೆ ಹೋದರು. ಬಿಡುಗಡೆಯಾದವರು ಊರು ಬಿಟ್ಟು ಓಡಲಿಲ್ಲ. ನೆಟ್ಟಗೆ ಚಾವಡಿಗೆ ನಡೆದು ವಾದಕ್ಕೂ ನಿಲ್ಲಲಿಲ್ಲ. ನಡೆದದ್ದನ್ನು, ಬೆದರಿಕೆಯ ಮಾತುಗಳ ಸಮೇತ, ಒಡನಾಡಿಗಳಿಗೆ ತಿಳಿಸಿದರು. ಭಯವನ್ನು ಒಬ್ಬನೇ ಹೊತ್ತರೆ ಅದು ಬೆಳೆಯುತ್ತದೆ. ನಂಬಿಗಸ್ತರ ನಡುವೆ ಇಳಿಸಿದರೆ ಅದಕ್ಕೆ ಅಳತೆ ಸಿಕ್ಕುತ್ತದೆ. ಆದ್ದರಿಂದ ಧೈರ್ಯದ ಮೊದಲ ಮೆಟ್ಟಿಲು ಮಾತಲ್ಲ, ಸಹವಾಸ.

ಎರಡನೆಯ ಅಂಗ: ಒಮ್ಮನಸ್ಸಿನಿಂದ ದನಿಯೆತ್ತಿದರು. ಒಮ್ಮನಸ್ಸು ಎಂಬುದು ಎಲ್ಲರ ಸ್ವಭಾವ ಒಂದೇ ಆಯಿತೆಂಬುದಲ್ಲ. ಎಲ್ಲರ ಕೋರಿಕೆ ಒಂದಾಯಿತೆಂಬುದು. ಸೆರೆ ಕಂಡವರು ಇಬ್ಬರೇ, ಬೇಡಿದವರು ಎಲ್ಲರೂ. ಇಬ್ಬರ ಸಂಕಟವು ಸಭೆಯ ಸಂಕಟವಾದದ್ದರಿಂದಲೇ ಇಬ್ಬರ ಸಾಕ್ಷಿಯೂ ಸಭೆಯ ಸಾಕ್ಷಿಯಾಯಿತು.

ಮೂರನೆಯ ಅಂಗ: ಸಂಬೋಧನೆ. ಆಕಾಶ, ಭೂಮಿ, ಸಮುದ್ರ, ಅವುಗಳಲ್ಲಿರುವ ಸಮಸ್ತವನ್ನೂ ಉಂಟುಮಾಡಿದ ಒಡೆಯನೆಂದು ದೇವರನ್ನು ಕರೆದರು. ಕಷ್ಟ ಹೇಳಿಕೊಳ್ಳುವ ಮುನ್ನ ಇಷ್ಟು ದೀರ್ಘ ವಿಶೇಷಣವೇಕೆ? ಹಿರೀಸಭೆಯ ಅಧಿಕಾರ ಒಂದು ಪಟ್ಟಣದ್ದು; ಕರೆಯಿಸಿಕೊಂಡವನ ಅಧಿಕಾರ ಸೃಷ್ಟಿಯೆಲ್ಲದರದು. ಒಡೆಯನು ಯಾರೆಂಬುದು ಮನಸ್ಸಿನಲ್ಲಿ ನಿಂತ ಮೇಲೆ ಬೆದರಿಸುವವನ ಗಾತ್ರ ತಾನಾಗಿ ತಗ್ಗುತ್ತದೆ.

ನಾಲ್ಕನೆಯ ಅಂಗ: ಹಳೆಯ ಕೀರ್ತನೆಯ ಸ್ಮರಣೆ. ಭೂರಾಜರು ದೇವರಿಗೂ ಆತನ ಅಭಿಷಿಕ್ತನಿಗೂ ವಿರೋಧವಾಗಿ ಕೂಡುವುದನ್ನು ಹೇಳುವ ಎರಡನೆಯ ಕೀರ್ತನೆಯನ್ನು ಅವರು ನೆನೆದರು. ಎಂದರೆ, ತಮಗೆ ಬಂದದ್ದು ಅಪೂರ್ವವೆಂದು ಎಣಿಸಲಿಲ್ಲ. ಕನ್ನಡನಾಡಿನ ಸಭೆಗೂ ಇಂಥ ಸ್ಮರಣೆ ಉಂಟು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ 1834ರಲ್ಲಿ ಬಂದರು. 1844ರಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಹೊಂದಿ, ತಮ್ಮ ಗುರು ಹೆರ್ಮನ್ ಮೊಗ್ಲಿಂಗರ ಹೆಸರನ್ನೂ ಧರಿಸಿದರು. ಊರಿನಲ್ಲಿ ಕೋಲಾಹಲವೆದ್ದಿತು, ಕುಲ ದೂರವಾಯಿತು, ಹೆಂಡತಿಯಿಂದಲೂ ವರ್ಷಗಟ್ಟಲೆ ಅಗಲಿರಬೇಕಾಯಿತು. ಆದರೂ ಅವರು ಬಾಸೆಲಿನಲ್ಲಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು, ಸುವಾರ್ತೆ ಹೇಳಲು ಅದೇ ನಾಡಿಗೆ ಹಿಂದಿರುಗಿದರು. ಹಿಂದಿನವರು ದಾಟಿದ ಹೊಳೆಯೆಂದು ತಿಳಿದಾಗ ಇಂದಿನವನ ಕಾಲು ನಡುಗುವುದು ಕಡಿಮೆಯಾಗುತ್ತದೆ.

ಐದನೆಯ ಅಂಗ: ಹೆರೋದನೂ ಪೊಂತ್ಯ ಪಿಲಾತನೂ ಕೂಡಿಬಂದರೆಂಬುದು. ಇಲ್ಲಿ ವಿರೋಧಿಗಳ ಹೆಸರು ಸ್ಪಷ್ಟವಾಗಿ ಬಂದಿದೆ, ಕೇಡನ್ನು ಮರೆಮಾಚಿಲ್ಲ. ಆದರೆ ಅವರ ಸಂಚಿಗೂ ಆಚೆ ದೇವರ ಸಂಕಲ್ಪ, ಎಂದರೆ ಮೊದಲೇ ನಿಶ್ಚಯಿಸಿದ ಉದ್ದೇಶ, ನೆರವೇರಿತೆಂದು ಹೇಳಿದೆ. ಶಿಲುಬೆಯೇ ಇದಕ್ಕೆ ಪ್ರಮಾಣ. ಸೋಲೆಂದು ತೋರಿದ ಅದರಿಂದಲೇ ರಕ್ಷಣೆ ಬಂದುದಾದರೆ, ಬಾಯಿ ಕಟ್ಟುವ ಅಪ್ಪಣೆಯೊಂದರಿಂದ ಸುವಾರ್ತೆ ಅಳಿಯದು ಎಂಬುದು ಅನುಮಾನಸಿದ್ಧ.

ಆರನೆಯ ಅಂಗ: ಅವರ ಬೆದರಿಕೆಗಳನ್ನು ನೋಡು ಎಂಬ ಬಿನ್ನಹ. ಕೋರಿಕೆಯ ಭಾಗ ಆರಂಭವಾಗುವುದು ಇಲ್ಲಿ. ಬೆದರಿಸಿದವರನ್ನು ನಾಶಮಾಡು ಎಂದಿಲ್ಲ, ಬೆದರಿಕೆಯನ್ನು ತೆಗೆದುಹಾಕು ಎಂದೂ ಇಲ್ಲ. ನೋಡು ಎಂದಷ್ಟೇ ಇದೆ. ಬೆದರಿಕೆ ನಿಜವಾದದ್ದು. 1998ರ ಕ್ರಿಸ್ಮಸ್ ದಿನಗಳಲ್ಲಿ ಸೂರತ್ತಿನ ಆಚೆಯ ಡಾಂಗ್ ಜಿಲ್ಲೆಯ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆಯಿತು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳೂ ಅದನ್ನು ಕಂಡವು. ಅಂಥ ನೋವನ್ನು ಮುಯ್ಯಿಯಾಗಿ ತಿರುಗಿಸದೆ ನ್ಯಾಯಾಧಿಪತಿಯ ಮುಂದೆ ಇಡುವುದು ಈ ಅಂಗದ ಬೋಧೆ. ಹೀಗೆ ಇಟ್ಟವನ ಮಾತಿನಲ್ಲಿ ಕಹಿ ಉಳಿಯದು. ಕಹಿಯಿಲ್ಲದ ಮಾತೇ ಸುವಾರ್ತೆಗೆ ತಕ್ಕದ್ದು.

ಏಳನೆಯ ಅಂಗ: ನಿನ್ನ ದಾಸರು ನಿನ್ನ ವಾಕ್ಯವನ್ನು ಪೂರ್ಣ ಧೈರ್ಯದಿಂದ ಹೇಳುವಂತೆ ಅನುಗ್ರಹಿಸು ಎಂಬುದು. ಇದು ಇಡೀ ಪ್ರಾರ್ಥನೆಯ ನಾಭಿ. ಆದ್ದರಿಂದ ಇಲ್ಲಿ ಹೆಚ್ಚು ಹೊತ್ತು ನಿಲ್ಲತಕ್ಕದ್ದು. ದಾಸರೆಂದರೆ ತಮ್ಮದನ್ನಲ್ಲ, ಒಡೆಯನದನ್ನು ಹೇಳುವವರು. ಕೇಳುವವರು ತಿರಸ್ಕರಿಸಿದರೆ ಆ ತಿರಸ್ಕಾರ ಮೊದಲು ಒಡೆಯನಿಗೆ ಸಲ್ಲುತ್ತದೆ. ಅನುಗ್ರಹಿಸು ಎಂದದ್ದರಿಂದ ಧೈರ್ಯವು ಹುಟ್ಟುಗುಣವಲ್ಲ, ಬೇಡಿ ಪಡೆಯುವ ವರ ಎಂದಾಯಿತು. ಹಿರೀಸಭೆಯನ್ನು ಎದುರಿಸಿ ಬಂದ ಪೇತ್ರನೇ ಪುನಃ ಬೇಡಿದನು. ಅದಕ್ಕೂ ಮೊದಲು ಮಹಾಯಾಜಕನ ಅಂಗಳದಲ್ಲಿ ದಾಸಿಯೊಬ್ಬಳ ಪ್ರಶ್ನೆಗೆ ಹೆದರಿ ತನ್ನ ಗುರುವನ್ನೇ ಅರಿಯೆನೆಂದವನು ಇವನೇ. ಹೇಳುವಂತೆ ಎಂದದ್ದರಿಂದ ದಾಸನ ಕೆಲಸ ಹೇಳುವಷ್ಟರಲ್ಲಿ ಮುಗಿಯುತ್ತದೆ. ಒಪ್ಪಿಸುವುದು ಅವನ ಕೈಯದಲ್ಲ. ಈ ಎಲ್ಲೆ ನಾಡಿನ ಕಾನೂನಿಗೂ ಹೊಂದುತ್ತದೆ. ಸಂವಿಧಾನದ 25ನೆಯ ವಿಧಿಯು ಧರ್ಮವನ್ನು ಸಾರುವ ಹಕ್ಕನ್ನು ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳ ಎಲ್ಲೆಯೊಳಗೆ ಎಲ್ಲರಿಗೂ ಕೊಟ್ಟಿದೆ. ಸಾರುವುದು ಬೇರೆ, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಬೇರೆ ಎಂದು ಸುಪ್ರೀಂ ಕೋರ್ಟ್ 1977ರ ಸ್ಟ್ಯಾನಿಸ್ಲಾಸ್ ತೀರ್ಪಿನಲ್ಲಿ ವಿಂಗಡಿಸಿದೆ. ಗುಜರಾತಿನ 2003ರ ಕಾಯಿದೆಯು ಬಲಾತ್ಕಾರ, ಆಮಿಷ, ವಂಚನೆಗಳಿಂದಾಗುವ ಮತಾಂತರವನ್ನು ನಿಷೇಧಿಸಿ, ಮತಾಂತರದ ವಿಧಿ ನಡೆಸುವವನು ಜಿಲ್ಲಾಧಿಕಾರಿಯ ಅನುಮತಿ ಪಡೆಯಬೇಕೆಂದಿತು. 2021ರ ತಿದ್ದುಪಡಿ ಅದನ್ನು ಬಿಗಿಗೊಳಿಸಿತು. ಬಲಾತ್ಕಾರ, ಆಮಿಷ, ವಂಚನೆ ಈ ಮೂರೂ ಸುವಾರ್ತೆಗೆ ಮೊದಲಿನಿಂದಲೇ ನಿಷಿದ್ಧವಾದವು. ಪ್ರೀತಿಯನ್ನು ಹೇಳಹೊರಟವನು ಅವುಗಳನ್ನು ಬಳಸಿದರೆ ಹೇಳುವುದೇ ಸುಳ್ಳಾಗುತ್ತದೆ. ಧೈರ್ಯವೆಂದರೆ ಗಡಸುತನವೂ ಅಲ್ಲ. ಬರೋಡದಲ್ಲಿ, ಎಂದರೆ ಇಂದಿನ ವಡೋದರದಲ್ಲಿ, 1895ರಲ್ಲಿ ಹಿಂದೂ ಕುಟುಂಬದಲ್ಲಿ ಹುಟ್ಟಿ ಕ್ರೈಸ್ತರಾದ ಭೌತಶಾಸ್ತ್ರದ ಅಧ್ಯಾಪಕ ಧನ್‌ಜಿಭಾಯಿ ಫಕೀರ್‌ಭಾಯಿ ಅವರು ತಮ್ಮ ನಂಬಿಕೆಯನ್ನು ಉಪನಿಷತ್ತು, ಗೀತೆಗಳ ಪರಿಭಾಷೆಯಲ್ಲಿ ನಿರೂಪಿಸಿದರು. ನೆರೆಯವರ ನುಡಿಯನ್ನು ಗೌರವಿಸಿ, ಅದರಲ್ಲಿಯೇ ಕ್ರಿಸ್ತನನ್ನು ಮರೆಮಾಚದೆ ಹೇಳುವುದು ಪೂರ್ಣ ಧೈರ್ಯಕ್ಕೆ ಸಮೀಪದ ನಿದರ್ಶನ.

ಎಂಟನೆಯ ಅಂಗ: ಸ್ವಸ್ಥಮಾಡಲು ನಿನ್ನ ಕೈಚಾಚು ಎಂಬುದು. ವಾಕ್ಯದ ಬೆನ್ನಿಗೇ ವಾಸಿಮಾಡುವ ಕೈಯನ್ನು ಬೇಡಿದ್ದು ಗಮನಾರ್ಹ. ಗುಣಪಡಿಸುವುದು ಸುವಾರ್ತೆ ಕೇಳುವವನಿಗೆ ತೋರುವ ಆಮಿಷವಲ್ಲ. ಹೇಳಿದ ದೇವರ ಗುಣ ಅದರಲ್ಲಿ ಕಾಣುತ್ತದೆ. ಗುಜರಾತಿನ ನಡಿಯಾದಿನಲ್ಲಿಯೂ ಕನ್ನಡನಾಡಿನ ಗದಗ-ಬೆಟಗೇರಿಯಲ್ಲಿಯೂ ಮಿಷನ್ ಆಸ್ಪತ್ರೆಗಳು ಎದ್ದದ್ದು ಈ ಅರಿವಿನಿಂದಲೇ. ಕೈ ದೇವರದು ಎಂದದ್ದರಿಂದ ಸೇವೆ ಮಾಡಿದವನು ಕೃತಜ್ಞತೆಯನ್ನು ಸಾಲವೆಂದು ವಸೂಲು ಮಾಡಕೂಡದೆಂಬುದೂ ಸಿದ್ಧ.

ಒಂಬತ್ತನೆಯ ಅಂಗ: ಫಲ. ಅವರಿದ್ದ ಸ್ಥಳ ನಡುಗಿತು, ಅವರು ಪವಿತ್ರಾತ್ಮಭರಿತರಾದರು, ಧೈರ್ಯದಿಂದ ಹೇಳಿದರು. ಸ್ಥಳ ನಡುಗಿದ್ದು ಸೂಚನೆ, ಹೇಳಿದ್ದು ಫಲ. ಬೇಡಿದ್ದು ಯಾವುದೋ ಅದೇ ದೊರೆಯಿತು; ಬೇಡದೆ ಬಿಟ್ಟದ್ದು, ಎಂದರೆ ವಿರೋಧದ ನಿವಾರಣೆ, ದೊರೆಯಲಿಲ್ಲ. ಮುಂದಿನ ಅಧ್ಯಾಯದಲ್ಲಿಯೇ ಅಪೊಸ್ತಲರು ಮತ್ತೆ ಸೆರೆಯಾದರು, ಪೆಟ್ಟು ತಿಂದರು, ಆದರೂ ದಿನದಿನವೂ ಉಪದೇಶಿಸಿದರು. ಇದರಿಂದ ತಾತ್ಪರ್ಯ ನಿಶ್ಚಿತವಾಯಿತು: ಎದುರುಗಾಳಿ ನಿಂತ ಮೇಲೆ ಬಾಯ್ದೆರೆಯುವೆನೆಂದು ಕಾಯುವುದು ಈ ಪ್ರಾರ್ಥನೆಯ ಮಾರ್ಗವಲ್ಲ. ಸಹವಾಸಿಗಳೊಡನೆ ಒಡೆಯನನ್ನು ನೆನೆದು, ನೋವನ್ನು ಆತನಿಗೊಪ್ಪಿಸಿ, ಆ ದಿನಕ್ಕೆ ಬೇಕಾದಷ್ಟು ಧೈರ್ಯವನ್ನು ಬೇಡಿ, ನೆರೆಯವನ ಸ್ವಾತಂತ್ರ್ಯಕ್ಕೆ ಕುಂದು ತಾರದೆ ಸತ್ಯವನ್ನು ಹೇಳುವುದೇ ಇದರ ಮಾರ್ಗ. ಮಂಜಲ್‌ಪುರದವನಿಗೂ ಮಂಗಳೂರಿನವನಿಗೂ ಇದು ಸಮಾನ.